ಟಗರಿನ ಹಾರ್ಮೋನು: ಒಂದು ಸಿರಿಂಜ್ ರಕ್ತ ಸಾಲದು

ಪುಣೆಯ ಆಚೆ ಶಿರೂರು, ಸಾಸವಡದ ಕಡೆ ಕುರಿ ಸಾಕುವ ನಮ್ಮವರು ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನಿನ ಲ್ಯಾಬ್ ವರದಿ ಹಿಡಿದು ಕೇಳುತ್ತಾರೆ: ‘ಟಗರಿಗೆ ಟೆಸ್ಟೊಸ್ಟೆರಾನ್ ಕಡಿಮೆಯಂತೆ, ಮಾರಿಬಿಡೋಣವೇ ಡಾಕ್ಟರೇ?’ ಪಶುವೈದ್ಯಕೀಯ ವಿದ್ಯಾರ್ಥಿಗಳೂ ಪ್ರಾಜೆಕ್ಟ್ ಹೆಸರಿನಲ್ಲಿ ಒಂದೇ ವರದಿ ನೋಡಿ ತೀರ್ಮಾನಿಸುತ್ತಾರೆ. ಒಂದೇ ಸಲ ತೆಗೆದ ರಕ್ತದಿಂದ ಟಗರಿನ ಹಣೆಬರಹ ಬರೆಯಬೇಡಿ.

ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಹಾರ್ಮೋನನ್ನು ಬಿಟ್ಟುಬಿಟ್ಟು ಸ್ರವಿಸುತ್ತದೆ. ಪ್ರತಿ ಸಲವೂ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ, ವೃಷಣವನ್ನು ಪ್ರಚೋದಿಸುವ ಹಾರ್ಮೋನು ಎಲ್‌ಎಚ್ ಚಿಮ್ಮುತ್ತದೆ. ಅದರ ಬೆನ್ನಿಗೇ, ಒಂದು ತಾಸಿನೊಳಗೆ ವೃಷಣದ ಟೆಸ್ಟೊಸ್ಟೆರಾನ್ ಏರಿ, ಮತ್ತೆ ಇಳಿಯುತ್ತದೆ. ಒಂದೇ ಟಗರಿನಲ್ಲಿ, ಒಂದೇ ದಿನ, ಅದು ಹಲವು ಪಟ್ಟು ವ್ಯತ್ಯಾಸವಾಗುತ್ತದೆ. ನಿಮ್ಮ ಸೂಜಿ ಏರಿನಲ್ಲಿ ಚುಚ್ಚಿತೋ ಇಳಿತದಲ್ಲೋ, ವರದಿ ಹೇಳುವುದಿಲ್ಲ.

ಈ ಏರಿಳಿತ ಹಿಡಿಯಲು ಹಲವು ಸಲ ರಕ್ತ ತೆಗೆಯಬೇಕು. ಅದಕ್ಕೆ ವಿದ್ಯಾರ್ಥಿಗಳು ಮೊದಲು ಕಾಲೇಜಿನ ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಪಡೆಯಬೇಕು. ಟಗರನ್ನು ಕೆಲವು ದಿನ ಮೊದಲೇ ಕೊಟ್ಟಿಗೆಗೆ, ಜನರ ಕೈಗೆ ಒಗ್ಗಿಸಬೇಕು.

ಎಲ್ಲರೂ ಎಡವುವುದು ರಕ್ತ ತೆಗೆಯುವಾಗ. ಪ್ರತಿ ಸಲ ಹಿಡಿದು ಚುಚ್ಚಿದರೆ ಟಗರು ಬೆದರುತ್ತದೆ, ಒತ್ತಡದ ಹಾರ್ಮೋನು ಕಾರ್ಟಿಸೋಲ್ ಏರುತ್ತದೆ, ಎಲ್‌ಎಚ್ ಚಿಮ್ಮುವುದೇ ಕುಗ್ಗುತ್ತದೆ. ಕೊನೆಗೆ ನೀವು ಅಳೆಯುವುದು ಅದರ ಭಯವನ್ನು. ಆದ್ದರಿಂದ ಹಿಂದಿನ ದಿನವೇ ಕುತ್ತಿಗೆಯ ಜುಗುಲರ್ ರಕ್ತನಾಳದಲ್ಲಿ ಕ್ಯಾನುಲಾ (ಸಣ್ಣ ಕೊಳವೆ) ಕೂರಿಸಿ, ಪಟ್ಟಿ ಸುತ್ತಿ, ಉದ್ದ ನಳಿಕೆ ಜೋಡಿಸಿ. ಪಕ್ಕದಲ್ಲಿ ಇನ್ನೊಂದು ಕುರಿ ಇರಲೇಬೇಕು; ಒಂಟಿ ಕುರಿ ಎಂದೂ ನೆಮ್ಮದಿಯಾಗಿರುವುದಿಲ್ಲ. ಮರುದಿನ ಮೇವು ಹಾಕಿ, 15 ನಿಮಿಷಕ್ಕೊಮ್ಮೆ ಕನಿಷ್ಠ 8 ತಾಸು ರಕ್ತ ತೆಗೆಯಿರಿ. 2–3 ಮಿಲಿಲೀಟರ್ ಸಾಕು. ನಳಿಕೆಯಲ್ಲಿ ನಿಂತ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆತ ಸಲೈನನ್ನು ಮೊದಲು ಹೊರಗೆಳೆಯಿರಿ, ಇಲ್ಲವಾದರೆ ಮಾದರಿ ತೆಳುವಾಗುತ್ತದೆ. ಪ್ರತಿ ಟ್ಯೂಬಿನ ಮೇಲೆ ನಿಜವಾಗಿ ತೆಗೆದ ಗಳಿಗೆಯನ್ನೇ ಬರೆಯಿರಿ. ಊಟದ ಹೊತ್ತಿನ ಎರಡು ಮಾದರಿ ಬಿಟ್ಟು, ನಡುವೆ ಅಂದಾಜಿನ ಗೆರೆ ಎಳೆಯುವ ಅಡ್ಡದಾರಿ ಬೇಡ. ಚಿಮ್ಮು ಅಲ್ಲೇ ಇದ್ದಿರಬಹುದು.

ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೇರ್ಪಡಿಸಿ ಮೈನಸ್ 20 ಡಿಗ್ರಿಯಲ್ಲಿಡಿ.

ಹಾರ್ಮೋನು ಅಳೆಯುವ ಕಿಟ್ ಕೊಳ್ಳುವಾಗ ಎಚ್ಚರ. ಟೆಸ್ಟೊಸ್ಟೆರಾನ್ ಅಣು ಮನುಷ್ಯನಲ್ಲೂ ಕುರಿಯಲ್ಲೂ ಒಂದೇ. ಕುರಿ ಪ್ಲಾಸ್ಮಾದಲ್ಲಿ ಪರಿಶೀಲಿಸಿಕೊಂಡರೆ ಮನುಷ್ಯರ ಕಿಟ್ ನಡೆಯುತ್ತದೆ. ಎಲ್‌ಎಚ್ ಹಾಗಲ್ಲ, ಅದು ಪ್ರೋಟೀನ್; ಅದರ ರಚನೆ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಅಗ್ಗವೆಂದು ಮನುಷ್ಯರ ಎಲ್‌ಎಚ್ ಕಿಟ್ ತಂದರೆ ಹಣವೂ ಹೋಯಿತು, ಮಾದರಿಯೂ ಹೋಯಿತು.

ವರದಿಯಲ್ಲಿ ತಿಂಗಳು ಬರೆಯುವುದನ್ನು ಮರೆಯಬೇಡಿ. ಸ್ಕಾಟ್ಲೆಂಡಿನ ಸೋಯ್ ತಳಿಯ ಟಗರುಗಳಲ್ಲಿ ಹಗಲು ಕಿರಿದಾಗತೊಡಗಿದ ಮೇಲೆ ಎಲ್‌ಎಚ್ ಪದೇಪದೇ ಚಿಮ್ಮಿ, ವೃಷಣ ಹಿಗ್ಗುತ್ತದೆ. ಪುಣೆಯಲ್ಲಿ ಹಗಲು ಸುಮಾರು 11ರಿಂದ 13 ತಾಸಿನ ನಡುವೆಯೇ ಇರುವುದರಿಂದ ನಮ್ಮ ದಖನಿ ತಳಿಯ ಟಗರಿಗೆ ಸೋಯ್ ಟಗರಿನ ಅಂಕಿಗಳನ್ನು ಹೊಂದಿಸಬೇಡಿ. ಇಲ್ಲಿ ಮೇವನ್ನೂ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಾಕಣೆದಾರರಿಗೆ ಇದ್ಯಾವುದೂ ಬೇಡ. ವೃಷಣಗಳನ್ನು ಮೆಲ್ಲಗೆ ಕೆಳಗೆ ಜಾರಿಸಿ ಹಿಡಿದು, ಅತಿ ದಪ್ಪ ಭಾಗದ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ಅದೇ ವಯಸ್ಸಿನ ಟಗರುಗಳೊಂದಿಗೆ ಹೋಲಿಸಿ. ವೀರ್ಯಾಣು ಸಿದ್ಧವಾಗಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಅಳತೆಯನ್ನೂ ಒಳ್ಳೆಯ ಮೇವನ್ನೂ ಟಗರನ್ನು ಹೆಣ್ಣು ಕುರಿಗಳ ಹಿಂಡಿನೊಳಗೆ ಬಿಡುವ ಎರಡು ತಿಂಗಳು ಮೊದಲೇ ಶುರುಮಾಡಿ.