ರೋಗಿಯಲ್ಲ, ಸಂಪರ್ಕಿತ: ಕೋಡ್ ಹಾಕುವುದು ಹೇಗೆ?

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ದಾಖಲೆಗೆ ಐಸಿಡಿ–10–ಸಿಎಂ (ರೋಗ, ಲಕ್ಷಣ, ಭೇಟಿಯ ಕಾರಣಗಳಿಗೆ ಅಮೆರಿಕ ಬಳಸುವ ಸಂಕೇತಪಟ್ಟಿ) ಕೋಡ್ ಹಾಕುವ ಹೊಸಬರು ‘ಗಂಡನಿಗೆ ಕ್ಷಯ, ಹೆಂಡತಿ ಪರೀಕ್ಷೆಗೆ ಬಂದಿದ್ದಾರೆ’ ಎಂಬಂಥ ಸಾಲಿನಲ್ಲೇ ಎಡವುತ್ತಾರೆ. ಕ್ಷಯ ಎಂಬ ಪದ ಕಣ್ಣಿಗೆ ಬಿದ್ದದ್ದೇ ತಡ, ಆರೋಗ್ಯವಾಗಿರುವ ಹೆಂಗಸಿನ ಹೆಸರಿಗೆ ಕ್ಷಯ ರೋಗದ ಕೋಡ್ ಎ15 ಅಂಟಿಸಿಬಿಡುತ್ತಾರೆ. ಅಲ್ಲಿಗೆ ಸಲ್ಲುವುದು ಝಡ್20.1, ಅಂದರೆ ಕ್ಷಯ ಸೋಂಕಿನ ಸಂಪರ್ಕ.

ಹಂತ 1: ವೈದ್ಯರ ಟಿಪ್ಪಣಿಯನ್ನು ಕೊನೆಯ ಸಾಲಿನವರೆಗೆ ಓದಿ. ರೋಗ ದೃಢಪಟ್ಟಿದ್ದರೆ ರೋಗದ್ದೇ ಕೋಡ್; ಮುಂದಿನ ಹಂತಗಳು ಬೇಡ.

ಹಂತ 2: ಲಕ್ಷಣಗಳಿವೆಯೇ ನೋಡಿ. ಹೆಚ್ಚಿನವರು ಕೆಡಿಸುವುದು ಇಲ್ಲಿ. ಹೊರರೋಗಿಯ ದಾಖಲೆಯಲ್ಲಿ ‘ಶಂಕಿತ’, ‘ಇರಬಹುದು’ ಎಂದು ಬರೆದದ್ದಕ್ಕೆ ರೋಗದ ಕೋಡ್ ಹಾಕುವಂತಿಲ್ಲ. ಒಳರೋಗಿಗಳಿಗೆ ನಿಯಮ ಬೇರೆ, ಎರಡನ್ನೂ ಕಲಸಬೇಡಿ. ಮನೆಯಲ್ಲಿ ಒಬ್ಬರಿಗೆ ಕೋವಿಡ್, ಬಂದವರಿಗೆ ಜ್ವರ ಮತ್ತು ಎರಡು ದಿನದಿಂದ ಕೆಮ್ಮು, ಫಲಿತಾಂಶ ಇನ್ನೂ ಬಂದಿಲ್ಲ ಎಂದುಕೊಳ್ಳಿ. ಜ್ವರಕ್ಕೆ ಆರ್50.9, ಹೊಸ ಕೆಮ್ಮಿಗೆ ಆರ್05.1, ಅವುಗಳ ನಂತರ ಕೋವಿಡ್ ಸಂಪರ್ಕದ ಝಡ್20.822. ಪರೀಕ್ಷೆ ಪಾಸಿಟಿವ್ ಬಂದರೆ ಕೋವಿಡ್ ರೋಗದ್ದೇ ಕೋಡ್ ಯು07.1, ಆಗ ಸಂಪರ್ಕದ ಕೋಡಿಗೆ ಕೆಲಸವಿಲ್ಲ. ಲಕ್ಷಣವೇ ಇಲ್ಲದೆ, ಸಂಪರ್ಕದ ಕಾರಣಕ್ಕೇ ಪರೀಕ್ಷೆಗೆ ಬಂದಿದ್ದರೆ ಝಡ್20.822 ಮೊದಲ ಸ್ಥಾನದಲ್ಲೇ ನಿಲ್ಲಬಹುದು.

ಸಂಪರ್ಕವೂ ಇಲ್ಲ, ಲಕ್ಷಣವೂ ಇಲ್ಲ, ಬರೀ ಸೋಂಕಿನ ತಪಾಸಣೆ ಕೇಳಿದ್ದಾರೆ ಎಂದರೆ ಅದು ತಪಾಸಣೆಯ ಝಡ್11 ವರ್ಗ. ಇದನ್ನೂ ಸಂಪರ್ಕದ ವರ್ಗವಾದ ಝಡ್20ನ್ನೂ ಅದಲುಬದಲು ಮಾಡುವವರನ್ನು ಪ್ರತಿ ತರಬೇತಿಯಲ್ಲೂ ಕಾಣುತ್ತೇನೆ.

ಹಂತ 3: ಕೊನೆಯ ಅಂಕಿಯವರೆಗೆ ಹೋಗಿ. ಸೀತಾಳೆ ಸಿಡುಬಿನ ಸಂಪರ್ಕಕ್ಕೆ ಝಡ್20.820, ರೇಬೀಸ್‌ಗೆ ಝಡ್20.3, ಹೇನಿಗೆ ಝಡ್20.7. ದಡಾರಕ್ಕೆ ಸ್ವಂತ ಕೋಡ್ ಇಲ್ಲ; ‘ಇತರ ವೈರಾಣು ರೋಗ’ಗಳ ಝಡ್20.828ರಲ್ಲಿ ಅದು ಸೇರುತ್ತದೆ. ಯಾವ ರೋಗವೆಂದು ಹೇಳದ ಝಡ್20.9 ಸೋಮಾರಿಗಳ ಕೋಡ್. ಯಾವ ರೋಗದ ಸಂಪರ್ಕ ಎಂದು ದಾಖಲೆಯಲ್ಲಿ ಇಲ್ಲದಿದ್ದರೆ ಮೊದಲು ವೈದ್ಯರಿಗೆ ಪ್ರಶ್ನೆ ಕಳುಹಿಸಿ.

ಕೈಯಿಂದ ಕೈಗೆ ಹೋಗುವ ಜೆರಾಕ್ಸ್ ಪಟ್ಟಿಗಳನ್ನು ಹರಿದು ಹಾಕಿ. ಕೋವಿಡ್ ಸಂಪರ್ಕಕ್ಕೆ ಝಡ್20.828 ಎಂದೇ ತೋರಿಸುವ ಹಾಳೆಗಳು ಇನ್ನೂ ಓಡಾಡುತ್ತಿವೆ. 2021ರ ಜನವರಿ 1ರಿಂದಲೇ ಅದು ಝಡ್20.822 ಆಗಿದೆ. ಪದ ಕಂಡ ಕೂಡಲೇ ಕೋಡ್ ಸೂಚಿಸುವ ತಂತ್ರಾಂಶವನ್ನೂ ನಾನು ನಂಬುವುದಿಲ್ಲ: ‘ಕ್ಷಯ ಇಲ್ಲ’ ಎಂಬಲ್ಲಿನ ‘ಇಲ್ಲ’ ಅದಕ್ಕೆ ಕಾಣದೇ ಹೋಗಬಹುದು. ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಜಾರಿಯಾಗುವ ಹೊಸ ಪುಸ್ತಕವನ್ನೇ ತೆರೆದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲೂ ಕೆಲವೊಮ್ಮೆ ಕೋಡ್‌ಗಳು ಸೇರುತ್ತವೆ.