ಕಾರವಾರದಲ್ಲಿ ಕೂದಲಿನ ಲೇಸರ್: ಮಳೆ ಹಿಡಿದ ಮೇಲೆ ಶುರು ಮಾಡುವ ನನ್ನ ಕ್ರಮ

ಏಪ್ರಿಲ್, ಮೇ ತಿಂಗಳಲ್ಲಿ ಹೊಸಬರು ಯಾರೇ ಬಂದರೂ ನಾನು ಬೇಡದ ಕೂದಲು ತೆಗೆಯುವ ಲೇಸರ್ ಶುರು ಮಾಡುವುದಿಲ್ಲ. ಫೋಟೋ ತೆಗೆದು, ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಥ್ರೆಡಿಂಗ್ ಬಿಡಿಸಿ, "ಮಳೆ ಹಿಡಿದ ಮೇಲೆ ಬನ್ನಿ" ಅಂತ ಕಳಿಸುತ್ತೇನೆ. ಹುಬ್ಬಳ್ಳಿಯ ಗೆಳೆಯರಿಗೆ ಇದನ್ನು ಹೇಳಿದಾಗ ಚೆನ್ನಾಗಿ ನಕ್ಕಿದ್ದರು. ಮದುವೆ ಸೀಸನ್ನಿನಲ್ಲಿ ಬಂದ ಪೇಷಂಟನ್ನು ವಾಪಸ್ ಕಳಿಸಿದರೆ ಅವರು ಸೀದಾ ಗೋವಾ ಬಸ್ ಹತ್ತುತ್ತಾರೆ, ಇಎಂಐ ಯಾರು ಕಟ್ಟುತ್ತಾರೆ ಅಂತ ಅವರ ಪ್ರಶ್ನೆ. ಮಳೆಗಾಲದಲ್ಲಿ ಕಾರವಾರದಲ್ಲಿ ನಾಯಿಯೂ ಹೊರಗೆ ಬರುವುದಿಲ್ಲ ಅಂತ ಒಬ್ಬರು. ಹೌದು, ಮೊದಲೆರಡು ವರ್ಷ ಕೆಲವರು ಮಡಗಾಂವ್‌ಗೆ ಹೋದರು. ಈಗ ಅದೇ ಗೆಳೆಯರು ಅಂಕೋಲಾ, ಕುಮಟಾ ಕಡೆಯ ಕಪ್ಪು ಚರ್ಮದ ಪೇಷಂಟುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ.

ಯಂತ್ರಗಳ ಕಥೆ ಬೇಗ ಮುಗಿಸುತ್ತೇನೆ, ದುಡ್ಡಿನ ನೋವು ಮಾತ್ರ ಬೇಗ ಮುಗಿಯುವಂಥದ್ದಲ್ಲ. ಮೊದಲು ಸೆಕೆಂಡ್ ಹ್ಯಾಂಡ್ ಐಪಿಎಲ್ (ಜೋರು ಬೆಳಕಿನ ಮಿಂಚು ಹೊಡೆಯುವ ಯಂತ್ರ), ಎರಡೂವರೆ ಲಕ್ಷದ ಸುಮಾರಿಗೆ. ಮಾರಿದವರು ಬ್ರೋಷರಿನಲ್ಲೂ ಬಾಯಲ್ಲೂ ಲೇಸರ್ ಎಂದೇ ಹೇಳಿದರು. ಒಳಗಿದ್ದದ್ದು ದೀಪ ಮತ್ತು ಫಿಲ್ಟರ್. ನಮ್ಮ ಟೈಪ್ 4, ಟೈಪ್ 5 ಚರ್ಮಕ್ಕೆ (ಚರ್ಮದ ಬಣ್ಣದ ಆರು ಮೆಟ್ಟಿಲ ಅಳತೆಯಲ್ಲಿ ಕಪ್ಪಿನ ಕಡೆಯವು) ಅದನ್ನು ತಗ್ಗಿಸಿ ಹೊಡೆದರೆ ಕೂದಲಿಗೆ ಏನೂ ಆಗುವುದಿಲ್ಲ, ಏರಿಸಿದರೆ ಹ್ಯಾಂಡ್‌ಪೀಸಿನ ಅಳತೆಯ ಆಯತಗಳು ಕಾಲಿನ ಮೇಲೆ ಸಾಲಾಗಿ ಮೂಡುತ್ತವೆ. ಬೇರೆ ಊರಲ್ಲಿ ಮಾಡಿಸಿಕೊಂಡು ಆ ಪಟ್ಟಿಗಳನ್ನು ಹೊತ್ತು ನನ್ನ ಹತ್ತಿರ ಬಂದ ಹುಡುಗಿಯರನ್ನು ನೋಡಿದ ಮೇಲೆ ಅದನ್ನು ನಲವತ್ತು ಸಾವಿರಕ್ಕೋ ಏನೋ ಮಾರಿಬಿಟ್ಟೆ. ಆಮೇಲೆ 810ರ (ಬೆಳಕಿನ ತರಂಗದ ಉದ್ದ, ನ್ಯಾನೋಮೀಟರಿನಲ್ಲಿ) ಡಯೋಡ್ ಲೇಸರ್, ಏಳು ಲಕ್ಷದ ಆಸುಪಾಸು. ಕಂಕುಳಿಗೆ, ಶಿರಸಿ–ಸಿದ್ದಾಪುರ ಕಡೆಯ ತುಸು ಬಿಳಿ ಮೈಯವರಿಗೆ ಒಳ್ಳೆಯ ಕೆಲಸ ಕೊಟ್ಟಿತು. ಬೈತಖೋಲ ಬಂದರಿನ ಮೀನು ಮಾರುವ ಹೆಂಗಸರ ಗದ್ದಕ್ಕೆ ಮಾತ್ರ ಅದನ್ನು ತಾಗಿಸಲು ನನಗೆ ಕೈ ಬರಲಿಲ್ಲ. ಕೊನೆಗೆ ಬ್ಯಾಂಕ್ ಸಾಲ, ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತವಾದ 1064ರ ಲಾಂಗ್ ಪಲ್ಸ್ ಎನ್‌ಡಿ ಯಾಗ್, ಅದೂ ಹಳೆಯದೇ, ಹದಿನಾಲ್ಕೋ ಹದಿನೈದೋ ಲಕ್ಷ. 755ರ ಅಲೆಕ್ಸಾಂಡ್ರೈಟ್ ಕೊಡುತ್ತೇವೆ ಅಂತ ಈಗಲೂ ಫೋನ್ ಬರುತ್ತದೆ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಅಷ್ಟು ಆಸೆಯಿಂದ ಹೀರುವ ಬೆಳಕು ನಮ್ಮ ಕರಾವಳಿಗೆ ಬೇಡವೇ ಬೇಡ.

ಮಳೆಗಾಲವೇ ಏಕೆ? ಸುಟ್ಟ ಕಲೆ ಬೀಳುವ ಭಯ ಹೆಚ್ಚು ಇರುವುದು ಮೊದಲ ಎರಡು ಮೂರು ಸಿಟ್ಟಿಂಗುಗಳಲ್ಲಿ. ಆಗ ಕೂದಲು ದಪ್ಪ, ದಟ್ಟ. ಒಂದೊಂದು ಬುಡವೂ ಬಿಸಿ ಹೀರಿ ಸುತ್ತಲಿನ ಚರ್ಮಕ್ಕೆ ಬಿಡುತ್ತದೆ. ಅದೇ ಹೊತ್ತಿಗೆ ಮೇಲೆ ಬೇಸಿಗೆಯ ಟ್ಯಾನ್ ಕೂಡ ಇದ್ದರೆ ಬೆಳಕಿನ ಪಾಲು ಮೇಲೆಯೇ ಖರ್ಚಾಗಿ ಚರ್ಮ ಬೇಯುತ್ತದೆ. ಜೂನ್ ಮೊದಲ ವಾರದ ನಂತರ ನಮ್ಮಲ್ಲಿ ಸೂರ್ಯ ಕಾಣಿಸುವುದೇ ಅಪರೂಪ, ಬೇಸಿಗೆಯಲ್ಲಿ ಬಂದು ಹೋದ ಹೆಂಗಸಿನ ಮುಖದ ಬಣ್ಣ ಜುಲೈ ಹೊತ್ತಿಗೆ ಒಂದು ಮೆಟ್ಟಿಲು ತಿಳಿಯಾಗಿರುತ್ತದೆ. ಅಪಾಯದ ಸಿಟ್ಟಿಂಗುಗಳನ್ನು ಅಲ್ಲಿ ಮುಗಿಸಿಬಿಟ್ಟರೆ ಅಕ್ಟೋಬರಿನ ಕೆಟ್ಟ ಬಿಸಿಲು ಬರುವಾಗ ಅರ್ಧ ಕೂದಲು ಹೋಗಿರುತ್ತದೆ, ಸನ್‌ಸ್ಕ್ರೀನ್ ಹಚ್ಚುವ ಅಭ್ಯಾಸವೂ ಆಗಿರುತ್ತದೆ. ಮುಖಕ್ಕೆ ಐದು ವಾರಕ್ಕೊಂದರಂತೆ ಹಿಡಿದರೂ ಜೂನ್‌ನಿಂದ ಜನವರಿಗೆ 6–7 ಸಿಟ್ಟಿಂಗ್ ಆಗುತ್ತದೆ. ಫೆಬ್ರವರಿ ಮದುವೆಗೆ ಸರಿಯಾಗಿ ಕೂರುತ್ತದೆ.

ಇನ್ನೊಂದು ಲಾಭ ನಾನು ಎಣಿಸದೇ ಸಿಕ್ಕಿದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಬಂದರಿನ ಹೆಂಗಸರು ಬಿಸಿಲಲ್ಲಿ ಬುಟ್ಟಿ ಇಟ್ಟು ಕೂರುವುದು ತಪ್ಪುತ್ತದೆ, ಅವರಿಗೆ ಪುರುಸೊತ್ತೂ ಇರುತ್ತದೆ. ಕೈಯಲ್ಲಿ ದುಡ್ಡು ಮಾತ್ರ ಇರುವುದಿಲ್ಲ. ಹಾಗಾಗಿ ಆ ಎರಡು ಸಿಟ್ಟಿಂಗಿನ ಬಾಕಿ ದೋಣಿ ಮತ್ತೆ ನೀರಿಗೆ ಇಳಿದ ಮೇಲೆ, ಚೌತಿ ಕಳೆದು ಕೊಡಿ ಎನ್ನುತ್ತೇನೆ. ಪುಸ್ತಕದಲ್ಲಿ ಬರೆದಿಟ್ಟ ಬಾಕಿಯಲ್ಲಿ ಮುಳುಗಿದ್ದು ಒಂದೆರಡು ಸಾವಿರ ಇರಬಹುದು. ಕಾರಿನಲ್ಲಿ ಬಂದವರ ಚೆಕ್ಕು ವಾಪಸಾದದ್ದು ಅದಕ್ಕಿಂತ ಹೆಚ್ಚು.

ಮಳೆಗಾಲದ ಶತ್ರು ಪೇಷಂಟಲ್ಲ, ತೇವ. ಇದನ್ನು ಯಾವ ಟ್ರೇನಿಂಗಿನಲ್ಲೂ ಹೇಳಲಿಲ್ಲ. ಚರ್ಮ ತಂಪು ಮಾಡುವ ಕೂಲಿಂಗ್ ಟಿಪ್ ತಣ್ಣಗಾದ ತಕ್ಷಣ ಕಾರವಾರದ ಗಾಳಿ ಅದರ ಮೇಲೆ ನೀರಾಗಿ ಇಳಿಯುತ್ತದೆ. ಹೊರಗಿನ ನೀರನ್ನು ಒರೆಸಬಹುದು, ಒಳಗಿನ ಗಾಜಿನ ಮೇಲೆ ಕೂತ ಮಂಜಿಗೆ ಬೆಳಕು ಹೊಡೆದರೆ ಗಾಜೇ ಸುಟ್ಟು ಚುಕ್ಕೆ ಬೀಳುತ್ತದೆ. ಆ ಸಣ್ಣ ಗಾಜಿಗೆ ಹದಿನೆಂಟು ಸಾವಿರ, ಎಂಜಿನಿಯರ್ ಬರುವ ಖರ್ಚು ಬೇರೆ. ಈಗ ರೂಮಿನಲ್ಲಿ ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್, ಎಸಿ ಡ್ರೈ ಮೋಡಿನಲ್ಲಿ. ಬೆಳಿಗ್ಗೆ ಅರ್ಧ ಗಂಟೆ ರೂಮು ಒಣಗಿದ ಮೇಲೆಯೇ ಯಂತ್ರ ತಣಿಸುವ ಚಿಲ್ಲರ್ ಸ್ವಿಚ್ಚಿಗೆ ಕೈ. ಚಿಲ್ಲರ್ ಟ್ಯಾಂಕಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಇಲ್ಲ; ಸಹಾಯಕಿ ಒಮ್ಮೆ ಬಾವಿ ನೀರು ತುಂಬಿಸಿ, ವಾರದಲ್ಲಿ ಹಸಿರು ಪಾಚಿ ಕಟ್ಟಿ, ಫ್ಲೋ ಅಲಾರಂ ಕೂಗಿದ್ದು ಕೂಗಿದ್ದೇ. ಆನ್‌ಲೈನ್ ಯುಪಿಎಸ್ (ಕರೆಂಟ್ ಹೋದರೂ ಕ್ಷಣವೂ ತಡೆಯದೆ ವಿದ್ಯುತ್ ಕೊಡುವಂಥದ್ದು) ಇಲ್ಲದೆ ಮಳೆಗಾಲದಲ್ಲಿ ಈ ಯಂತ್ರ ಮುಟ್ಟಬೇಡಿ. ಅದಕ್ಕೆ ಲಕ್ಷದ ಹತ್ತಿರ ಆಯಿತು.

ಸೆಟ್ಟಿಂಗ್ ಕೇಳುತ್ತೀರಿ, ಗೊತ್ತು. ಯಾಗ್‌ನಲ್ಲಿ 10 ಮಿಲಿಮೀಟರ್ ಸ್ಪಾಟ್ (ಒಂದು ಹೊಡೆತ ಬೀಳುವ ಅಗಲ), ಚದರ ಸೆಂಟಿಮೀಟರಿಗೆ 30 ಜೌಲ್‌ನ ಆಚೀಚೆ, ಪಲ್ಸ್ (ಒಂದು ಹೊಡೆತದ ಅವಧಿ) 30 ಮಿಲಿಸೆಕೆಂಡಿಗಿಂತ ಕಡಿಮೆ ಬೇಡ, ಕಪ್ಪು ಹೆಚ್ಚಿದಷ್ಟೂ ಪಲ್ಸ್ ಉದ್ದ. ಇದು ಕಂಕುಳು, ಕಾಲಿಗೆ. ಗದ್ದಕ್ಕೆ ನಾನು ಇಡುವ ಅಂಕಿ ಇದಕ್ಕಿಂತ ಸಾಕಷ್ಟು ಕೆಳಗೆ, ಮತ್ತು ಮೇಲ್ತುಟಿಯಲ್ಲಿ ಎರಡನೇ ಸುತ್ತಿನ ಪಾಸ್‌ಗೆ ಮೊದಲು ತಣ್ಣಗೆ ಮಾಡುವ ರೀತಿ ಒಂದಿದೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ, ಸಾಲ ಇನ್ನೂ ತೀರಿಲ್ಲ. ಆದರೆ ಅಂಕಿ ನೋಡಿ ಹೊಡೆಯುವವರು ಹೇಗೂ ಸುಡುತ್ತಾರೆ. ಹೊಡೆದು ಐದು ನಿಮಿಷ ಕಾದು ಬುಡವನ್ನು ನೋಡಿ: ಪ್ರತಿ ಕೂದಲಿನ ಸುತ್ತ ಸಣ್ಣ ಉಬ್ಬು, ತುಸು ಕೆಂಪು ಬಂದರೆ ಸಾಕು. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ದೀಪವನ್ನು ಪಕ್ಕದಿಂದ ಹಿಡಿದರೆ ಉಬ್ಬು ಕಾಣುತ್ತದೆ. ಚರ್ಮ ಬೂದಿ ಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಬೇಕು.

ಮರಗಟ್ಟುವ ಕ್ರೀಮನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಎರಡೂ ಕಾಲಿಗೆ ಲಿಗ್ನೋಕೇನ್ ಬಳಿಯುವುದೇ ಅಪಾಯ, ಅದರ ಮೇಲೆ ಪೇಷಂಟಿನ ನೋವು ನನಗೆ ಬೇಕು. ಒಗ್ಗರಣೆಯ ಸಾಸಿವೆ ಸಿಡಿದು ಕೈಗೆ ಹಾರಿದ ಹಾಗೆ ಇರುತ್ತದೆ ಅಂತ ಮೊದಲೇ ಹೇಳಿರುತ್ತೇನೆ. ಅದಕ್ಕಿಂತ ಹೆಚ್ಚು ಉರಿದರೆ ಹೇಳಿ, ಸಹಿಸಬೇಡಿ ಅಂತಲೂ.

ಎಲ್ಲಕ್ಕಿಂತ ಕಷ್ಟದ ಕೆಲಸ ಥ್ರೆಡಿಂಗಿನ ದಾರ ಬಿಡಿಸುವುದು. ಬುಡವೇ ಕಿತ್ತು ಬಂದಿದ್ದರೆ ಬೆಳಕಿಗೆ ಒಳಗೆ ಏನೂ ಸಿಗುವುದಿಲ್ಲ, ಕನಿಷ್ಠ 4 ವಾರ ಥ್ರೆಡಿಂಗ್, ವ್ಯಾಕ್ಸ್, ಚಿಮಟ ಎಲ್ಲ ಬಂದ್. ಮುಖಕ್ಕೆ ರೇಜರ್ ಹಚ್ಚಬಹುದು ಎಂದರೆ ಮಾತ್ರ ಭೂಮಿ ಬಾಯಿ ಬಿಟ್ಟ ಹಾಗೆ ನೋಡುತ್ತಾರೆ. ಮೀನು ಮಾರುವ ಒಬ್ಬಳು ಸೆರಗಿನ ತುದಿಯನ್ನು ಗದ್ದಕ್ಕೆ ಒತ್ತಿ ಹಿಡಿದೇ ಮಾತಾಡಿದಳು. "ಡಾಕ್ಟರ್‌ಬಾಯಿ, ಬ್ಲೇಡು ಹಾಕಿದ್ರೆ ಗಂಡಸ್ರ ಹಾಗೆ ಬರ್ತದೆ ಅಲ್ಲ? ಬಂದರದಲ್ಲಿ ಎಲ್ರೂ ನೋಡ್ತ್ರು." ಸೆರಗು ಬಿಡಿಸಿ ನೋಡಿದರೆ ಚಿಮಟದಿಂದ ಕಿತ್ತು ಕಿತ್ತು ಗದ್ದದ ತುಂಬ ಕಪ್ಪು ಚುಕ್ಕೆ, ಒಳಗೇ ಸುರುಳಿ ಸುತ್ತಿದ ಕೂದಲು. ಅವಳನ್ನು ವಾರಕ್ಕೊಮ್ಮೆ ಸುಮ್ಮನೆ ಕ್ಲಿನಿಕ್ಕಿಗೆ ಕರೆದು ನಾನೇ ಟ್ರಿಮ್ಮರ್ ಹಾಕಿ ಕಳಿಸಿದೆ, ದುಡ್ಡು ತೆಗೆದುಕೊಳ್ಳಲಿಲ್ಲ. ಮೂರನೇ ಸಿಟ್ಟಿಂಗಿಗೆ ಬರುವಾಗ ಸೆರಗು ಹೆಗಲ ಮೇಲೇ ಇತ್ತು. ಅವಳಿಂದ ಬಂದ ಪೇಷಂಟುಗಳು ಎಷ್ಟೆಂದರೆ, ನಾನು ಜಾಹೀರಾತಿಗೆ ಕೊಟ್ಟ ದುಡ್ಡೆಲ್ಲ ದಂಡ ಅನಿಸಿತು.

ಹತ್ತು ಹದಿನೈದನೇ ದಿನಕ್ಕೆ ಫೋನ್ ಬರುತ್ತದೆ, ಕಾಯಂ. "ಮೇಡಂ, ಮತ್ತೆ ಬೆಳೀತಾ ಉಂಟು." ಬೆಳೆಯುತ್ತಿರುವುದಲ್ಲ, ಸತ್ತ ಕೂದಲು ಹೊರಗೆ ದೂಡಿಸಿಕೊಳ್ಳುತ್ತಿರುವುದು. ಸ್ನಾನದಲ್ಲಿ ಬಟ್ಟೆಯಿಂದ ಮೆಲ್ಲಗೆ ಉಜ್ಜಿದರೆ ಉದುರುತ್ತದೆ. ಇದನ್ನು ಮೊದಲ ದಿನವೇ ಚೀಟಿಯಲ್ಲಿ ಬರೆದುಕೊಟ್ಟರೂ ಫೋನ್ ತಪ್ಪುವುದಿಲ್ಲ.

ಶಿರಸಿಯ ತಾಯಂದಿರದ್ದು ಬೇರೆ ಪ್ರಶ್ನೆ: "ಪೂರಾ ಹೋಗ್ತದಲ್ಲ ಡಾಕ್ಟ್ರೇ, ಮತ್ತೆ ಬರೂದಿಲ್ಲ ಅಲ್ಲ?" ಹತ್ತು ಕೂದಲಲ್ಲಿ ಏಳು ಹೋಗುತ್ತದೆ, ಉಳಿದದ್ದು ತೆಳ್ಳಗಾಗುತ್ತದೆ, ವರ್ಷಕ್ಕೊಂದೆರಡು ಸಲ ಬರಬೇಕಾಗುತ್ತದೆ ಅಂತ ಹೇಳಿಯೇ ದುಡ್ಡು ಮುಟ್ಟುತ್ತೇನೆ. ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇದ್ದ ಹುಡುಗಿಗೆ ಆ ಏಳೂ ಗ್ಯಾರಂಟಿ ಇಲ್ಲ. ಒಳಗಿನ ಹಾರ್ಮೋನು ಹೊಸ ಕೂದಲನ್ನು ಎಬ್ಬಿಸುತ್ತಲೇ ಇರುತ್ತದೆ. ಮುಟ್ಟು ಸರಿ ಇಲ್ಲದವರನ್ನು ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿ, ಔಷಧಿಯ ಜೊತೆಜೊತೆಗೆ ಲೇಸರ್ ನಡೆಸಿದಾಗ ಮಾತ್ರ ನನಗೆ ಹೆಸರು ಬಂದಿದೆ. ದವಡೆಯ ಅಂಚಿನ ಹತ್ತಿಯಂಥ ನವಿರು ಕೂದಲಿಗೆ ಎಷ್ಟು ಕೊಟ್ಟರೂ ನಾನು ಲೇಸರ್ ಹಚ್ಚುವುದಿಲ್ಲ. ಅದು ಹೋಗುವ ಬದಲು ದಪ್ಪಗಾಗಿ ಬರುವುದುಂಟು, ಅದರಲ್ಲೂ ನಮ್ಮ ಬಣ್ಣದವರಿಗೆ.

ದರ: ಮೇಲ್ತುಟಿ 1000, ಗದ್ದ 1500, ಕಂಕುಳು 2000, ಎರಡೂ ಕಾಲು 7000ದ ಸುಮಾರು. ಪ್ಯಾಕೇಜ್ ಇಲ್ಲ, ಬಂದಷ್ಟಕ್ಕೆ ಕೊಡುವುದು. ಎಂಟು ಸಿಟ್ಟಿಂಗಿನ ದುಡ್ಡು ಮೊದಲೇ ತೆಗೆದುಕೊಂಡ ಕಡೆಯಲ್ಲಿ ನಾಲ್ಕನೆಯದಕ್ಕೆ ಜಗಳ ಶುರುವಾಗುವುದನ್ನು ಬೇಕಾದಷ್ಟು ನೋಡಿದ್ದೇನೆ.

ಅಡ್ಡದಾರಿಯ ಪ್ರಯೋಗ ಒಂದನ್ನು ಹೇಳಲೇಬೇಕು. ಸರ್ಜನ್ ಗೆಳೆಯರೊಬ್ಬರು ಲಾರಿ ಡ್ರೈವರನ್ನು ಕಳಿಸಿದರು, ಬಾಲಮೂಳೆಯ ಹತ್ತಿರ ಪೈಲೊನೈಡಲ್ ಸೈನಸ್ (ಕೂದಲು ಚರ್ಮದೊಳಗೆ ಹೊಕ್ಕು ಕೀವು ಕಟ್ಟುವ ರೋಗ), ಆಪರೇಷನ್ ಆಗಿ ಮತ್ತೆ ಕೀವು. ಎರಡನೇ ಮಹಾಯುದ್ಧದಲ್ಲಿ ಜೀಪಿನಲ್ಲಿ ಕುಲುಕಾಡಿ ಕೂತ ಅಮೆರಿಕದ ಸೈನಿಕರಿಗೆ ಸಾವಿರಗಟ್ಟಲೆ ಬಂದದ್ದು ಇದೇ ರೋಗ. ಎರಡನೇ ಆಪರೇಷನ್ನಿನ ಗಾಯ ಮಾಗಿದ ಮೇಲೆ ಆ ಸೀಳಿನ ಕೂದಲಿಗೆ ಲೇಸರ್ ಕೊಟ್ಟೆ, ನಾಲ್ಕೈದು ಸಲ. ಈವರೆಗೆ ಮರುಕಳಿಸಿಲ್ಲ. ಈಗ ಅಂಥವರು ವರ್ಷಕ್ಕೆ ಕೆಲವರಾದರೂ ಬರುತ್ತಾರೆ, ಮತ್ತು ಅವರಿಗೆ ಮಳೆಗಾಲ ಕಾಯುವ ಅಗತ್ಯ ಇಲ್ಲ, ಅಲ್ಲಿ ಬಿಸಿಲು ಬೀಳುವುದಿಲ್ಲವಲ್ಲ!

ಹಚ್ಚೆಯ ವಿಷಯ ಮರೆಯಬೇಡಿ. ನಮ್ಮಲ್ಲಿ ವಯಸ್ಸಾದ ಹೆಂಗಸರ ಕೈ ಮೇಲೆ ಹಸಿರು ಹಚ್ಚೆ ಇರುತ್ತದೆ, ಕೆಲವರಿಗೆ ಗದ್ದದ ಮೇಲೂ ಒಂದು ಚುಕ್ಕೆ. ಲೇಸರಿಗೆ ಅದೂ ಕಪ್ಪೇ, ತಾಗಿದರೆ ಬೊಬ್ಬೆ. ಬಿಳಿ ಗಾಜ್ ಬಟ್ಟೆ ಮಡಚಿ ಮುಚ್ಚಿ, ಸುತ್ತ ಬೆರಳಗಲ ಬಿಟ್ಟು ಹೊಡೆಯುತ್ತೇನೆ. ಜಾಗ ಗುರುತು ಮಾಡಲು ಬಿಳಿ ಪೆನ್ಸಿಲ್ ಮಾತ್ರ. ಕಾಡಿಗೆ ಪೆನ್ಸಿಲಿನಲ್ಲಿ ಗೀಟು ಎಳೆದರೆ ಆ ಗೀಟಿನ ಉದ್ದಕ್ಕೂ ಸುಡುತ್ತದೆ.

ಉಳಿದಿರುವುದು ಬಿಳಿ ಕೂದಲು. ಐವತ್ತು ದಾಟಿದವರ ಗದ್ದದಲ್ಲಿ ನಾಲ್ಕು ಕಪ್ಪು, ಆರು ಬಿಳಿ ಇರುತ್ತವೆ, ಲೇಸರ್ ಆ ಆರನ್ನು ನೋಡುವುದೇ ಇಲ್ಲ. ಡೈ ಹಚ್ಚಿ ಹೊಡೆದರೆ ಹೇಗೆ ಅಂತ ಕೇಳುವವರಿದ್ದಾರೆ, ಬಣ್ಣ ಬುಡಕ್ಕೆ ಇಳಿಯುವುದಿಲ್ಲ, ಮೇಲಿನ ಚರ್ಮ ಸುಡುತ್ತದೆ ಅಷ್ಟೆ. ಅದಕ್ಕೆ ಸೂಜಿಯಿಂದ ಕರೆಂಟ್ ಹರಿಸಿ ಬುಡ ಕೊಲ್ಲುವ ಎಲೆಕ್ಟ್ರಾಲಿಸಿಸ್ಸೇ ಗತಿ. ಸಣ್ಣ ಯಂತ್ರ ತರಿಸಿದ್ದೇನೆ, ಒಂದೊಂದೇ ಕೂದಲಿನ ಬುಡಕ್ಕೆ ಸೂಜಿ ಇಳಿಸಬೇಕು, ಹತ್ತು ಕೂದಲಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಅದಕ್ಕೆ ಕೂದಲ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವುದೋ ಗಂಟೆ ಲೆಕ್ಕದಲ್ಲೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ.