ಮಾಡ್ ಫ್ರೀ, ಕೆಲಸಕ್ಕೆ ರೊಕ್ಕ: ನನ್ನ ಅನುಭವ

"ಫ್ರೀ ಬಿಟ್ರ ಯಾರ್ ರೊಕ್ಕ ಕೊಡ್ತಾರೋ ತಮ್ಮಾ?" ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಅನ್ನೋ ಮೊಬೈಲ್ ಗೇಮ್‌ಗೆ ನಾನು ಮಾಡಿದ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಮಾಡ್ (ಆಡುವವರೇ ಮಾಡಿ ಗೇಮ್‌ಗೆ ಸೇರಿಸುವ ಫೈಲ್) ಸುಮ್ನೆ ಹಂಚುತ್ತೇನೆ ಅಂದಾಗ ಕಲಬುರಗಿಯ ಗೆಳೆಯರೆಲ್ಲ ಹೀಗೇ ಕೇಳಿದರು. ಈಗ ತಿಂಗಳಿಗೆ ಐದಾರು ಸಾವಿರ ಬರುತ್ತಿದೆ. ಅದೂ ಮಾಡ್ ಮಾರದೇ.

ಮೊದಲು ಮಾರಿಯೂ ನೋಡಿದ್ದೆ. ಪಾಸ್‌ವರ್ಡ್ ಹಾಕಿ ನೂರು ರೂಪಾಯಿ ಇಟ್ಟೆ. ಇಪ್ಪತ್ತು ಜನ ಕೊಂಡಿರಬೇಕು, ಅಷ್ಟರಲ್ಲಿ ಪಾಸ್‌ವರ್ಡ್ ಟೆಲಿಗ್ರಾಂ ಗ್ರೂಪ್‌ಗಳಲ್ಲಿ ಓಡಾಡುತ್ತಿತ್ತು. ಆಮೇಲೆ ಕೊಂಡವರ ಹೆಸರನ್ನೇ ನಂಬರ್ ಪ್ಲೇಟ್ ಮೇಲೆ ಬರೆದು ಕೊಟ್ಟೆ. ಲೀಕ್ ನಿಂತಿತು, ಆದರೆ ಪ್ರತಿಯೊಬ್ಬರಿಗೂ ಬೇರೆ ಫೈಲ್ ತಯಾರಿಸಬೇಕು, ಒಂದೊಂದಕ್ಕೂ ಅರ್ಧ ಗಂಟೆ ಹೋಯ್ತು. ಅದರ ಜೊತೆಗೆ 3 ಜಿಬಿ ರ‍್ಯಾಮ್ ಫೋನಿನವರು "ಹ್ಯಾಂಗ್ ಆಗ್ತದ, ರೊಕ್ಕ ವಾಪಸ್ ಕೊಡ್ರಿ" ಅನ್ನೋರು. ಕರೆಂಟ್ ಬಿಲ್ಲಿಗೂ ಸಾಲಲಿಲ್ಲ.

ಇನ್ನೊಂದು ತೊಡಕೂ ಇತ್ತು. ಮಾಡ್‌ನಲ್ಲಿ ಬಳಸಿದ ಚಕ್ರ ಒಬ್ಬರು ಮಾಡಿದ್ದು, ಸೀಟು ಇನ್ನೊಬ್ಬರು ಮಾಡಿದ್ದು. ಮಾರಿದರೆ ಪಾಲು ಯಾರಿಗೆ? 2015ರ ಏಪ್ರಿಲ್‌ನಲ್ಲಿ ಗೇಮ್ ಮಾರುವ ತಾಣ ಸ್ಟೀಮ್‌ನಲ್ಲಿ ಸ್ಕೈರಿಮ್ ಗೇಮಿನ ಮಾಡ್ ಮಾರಾಟಕ್ಕೆ ಬಿಟ್ಟಾಗ ಆಗಿದ್ದೂ ಇದೇ. ಮೀನು ಹಿಡಿಯುವ ಒಂದು ಮಾಡ್‌ನಲ್ಲಿ ಬೇರೆಯವರ ಕೆಲಸ ಸೇರಿತ್ತು ಅಂತ ತೆಗೆಯಬೇಕಾಯ್ತು. ಮಾಡಿದವರ ಕೈಗೆ ಬರುತ್ತಿದ್ದದ್ದು 25% ಅಷ್ಟೇ. ಕೆಲವೇ ದಿನದಲ್ಲಿ ಇಡೀ ಯೋಜನೆ ಬಂದ್. ಮೈನ್‌ಕ್ರಾಫ್ಟ್ ಗೇಮ್‌ನವರಂತೂ ಕಂಪ್ಯೂಟರಿನ ಜಾವಾ ಆವೃತ್ತಿಯ ಮಾಡ್ ಮಾರಲೇಬಾರದು ಅಂತ ನಿಯಮದಲ್ಲೇ ಬರೆದಿದ್ದಾರೆ. ನನಗೆ ಅದೇ ಸರಿ ಅನಿಸುತ್ತೆ.

ಹಾಗಾಗಿ ಬಸ್ ಎಲ್ಲರಿಗೂ ಫ್ರೀ. ಆರ್ಡರ್ ಕೊಟ್ಟು ಮಾಡಿಸಿದರೆ ಮಾತ್ರ ದುಡ್ಡು. ಬಸ್ಸಿಗೆ ನಿಮ್ಮೂರ ಹೆಸರಿನ ಬೋರ್ಡ್‌ಗೆ ನೂರೈವತ್ತು, ಪೂರ್ತಿ ಪೇಂಟಿಂಗ್‌ಗೆ ಐನೂರರಿಂದ ಏಳುನೂರು. ಅರ್ಧ ಮುಂಗಡ, ಅದಿಲ್ಲದೆ 3ಡಿ ಮಾದರಿ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ತೆರೆಯಲ್ಲ. ಬಸ್ ಎಲ್ಲರ ಫೋನಲ್ಲಿ ಓಡಿದ ಮೇಲೇ ತಮ್ಮೂರ ಬೋರ್ಡ್ ಬೇಕು ಅನಿಸೋದು ಅಲ್ವಾ? ಸೇಡಂ, ಶಹಾಪುರ, ಹುಮನಾಬಾದ್‌ನಿಂದೆಲ್ಲ ಕೇಳಿದರು. ಒಬ್ಬ ಟ್ರಾವೆಲ್ಸ್ ಮಾಲೀಕರು ತಮ್ಮ ಮೂರು ಗಾಡಿಗಳನ್ನೂ ಮಾಡಿಸಿಕೊಂಡರು.

ಬೋರ್ಡ್ ಸಣ್ಣ ಕೆಲಸ ಅಲ್ಲ. 'ಜೇವರ್ಗಿ' ಅಂತ ಬರೆದರೆ ಫೋನ್ ಎಡಿಟರ್‌ನಲ್ಲಿ ಅರ್ಕಾವೊತ್ತು ಒಡೆದು 'ಜೇವರ್‌ಗಿ' ಆಗುತ್ತೆ. ನಾನು ಕಂಪ್ಯೂಟರ್‌ನಲ್ಲಿ ಅಕ್ಷರವನ್ನು ಚಿತ್ರವಾಗಿ ಮಾಡಿ ಕೂರಿಸುತ್ತೇನೆ. ರಾತ್ರಿ ಬೋರ್ಡ್ ಹೊಳೆಯಬೇಕು, ಫೈಲ್ ಸೈಜ್ ಏರಬಾರದು. ಅದಕ್ಕೊಂದು ಉಪಾಯ ಇದೆ, ಇಲ್ಲಿ ಹೇಳಲ್ಲ.

ನಡುವೆ ಬಸ್ ಸ್ಟ್ಯಾಂಡಿನಲ್ಲಿ ಹಾರ್ನ್ ರೆಕಾರ್ಡ್ ಮಾಡಲು ಹೋಗಿದ್ದೆ. ಗಾಳಿ, ಕಂಡಕ್ಟರ್ ಕೂಗು ಎಲ್ಲ ಸೇರಿ ಉಪಯೋಗಕ್ಕೆ ಬರಲಿಲ್ಲ. ಆದರೆ ಮಳೆಗಾಲದಲ್ಲಿ ಬಸ್ಸಿನ ಕೆಳಭಾಗಕ್ಕೆ ಮೆತ್ತಿಕೊಳ್ಳುವ ನಮ್ಮ ಎರೆಮಣ್ಣಿನ ಕಪ್ಪು ಕೆಸರನ್ನು ಫೋಟೋ ತೆಗೆದು ಟೆಕ್ಸ್ಚರ್ (ಗೇಮಿನ ಬಸ್ಸಿನ ಮೈಗೆ ಹೊದಿಸುವ ಚಿತ್ರ) ಮಾಡಿದೆ. ಜನ ಬಸ್ಸಿಗಿಂತ ಅದನ್ನೇ ಜಾಸ್ತಿ ಇಷ್ಟಪಟ್ಟರು. ಅದೂ ಫ್ರೀ. ಮುಂದಿನ ಸ್ಲೀಪರ್ ಬಸ್ಸೂ ಹಾಗೇ ಬಿಡುತ್ತೇನೆ.